ಬಿಟ್ಟು ಬಿಟ್ಟು ಬರುವ ತಂಪು

ಚಳಿಜ್ವರದವನು ನಡುಗುತ್ತ ಮನೆಯಿಂದ ಹೊರಡುತ್ತಾನೆ. ವೈದ್ಯರ ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಮೈ ಬೆವರಿ, ಜ್ವರ ಇಳಿದಿರುತ್ತದೆ. ನಾಡಿ ಹಿಡಿದರೆ ಏನೂ ಇಲ್ಲ. ಅನುಭವಸ್ಥರಾದ ವೈದ್ಯರು ಇದಕ್ಕೆ ಬೆದರುವುದಿಲ್ಲ. “ಯಾವ ಹೊತ್ತಿಗೆ ಬಂತು? ಎಷ್ಟು ಹೊತ್ತು ಇತ್ತು? ದಿನ ಬಿಟ್ಟು ದಿನ ಬರುತ್ತದೆಯೋ, ಎರಡು ದಿನ ಬಿಟ್ಟು ಬರುತ್ತದೆಯೋ?” ಎಂದು ಕೇಳಿ, ಆ ಲೆಕ್ಕದಿಂದಲೇ ಅರ್ಧ ರೋಗವನ್ನು ಗುರುತಿಸಿಬಿಡುತ್ತಾರೆ.

ಕಾರಿನ ಹವಾನಿಯಂತ್ರಣಕ್ಕೂ ಇಂಥದೇ ಒಂದು ವ್ಯಾಧಿ ಉಂಟು. ತಂಪು ಪೂರ್ತಿ ನಿಂತುಹೋದರೆ ರಿಪೇರಿಯವನಿಗೆ ಕಷ್ಟವಿಲ್ಲ. ಕೆಟ್ಟದ್ದು ಕೆಟ್ಟಂತೆಯೇ ಅವನ ಕಣ್ಣೆದುರಿಗಿರುತ್ತದೆ. ಆದರೆ ಒಂದು ಗಂಟೆ ಚೆನ್ನಾಗಿ ತಂಪು ಸೂಸಿ, ಆಮೇಲೆ ಮುನಿದು, ಕಾರ್ಖಾನೆಯ ಬಾಗಿಲಿಗೆ ಬಂದೊಡನೆ ಮತ್ತೆ ನಗುತ್ತ ತಂಪು ಕೊಡುವ ಯಂತ್ರವನ್ನು ಏನು ಮಾಡಬೇಕು? ಇಂಥ ಸಂದರ್ಭದಲ್ಲಿ ಹತ್ತರಲ್ಲಿ ಒಂಬತ್ತು ಕಡೆ ಕೇಳಿಬರುವ ಮಾತು ಒಂದೇ: “ಗ್ಯಾಸ್ ಕಡಮೆಯಾಗಿರಬೇಕು ಸಾರ್, ತುಂಬಿಸಿಬಿಡೋಣ.”

ಬೆಂಗಳೂರಿನ ಒಬ್ಬ ಗೃಹಸ್ಥರ ಅನುಭವವನ್ನು ನೋಡಬಹುದು. ಅವರ ತಂಗಿಯನ್ನು ಮಂಗಳೂರಿಗೆ ಕೊಟ್ಟಿದೆ. ಮೇ ತಿಂಗಳಿನಲ್ಲಿ ಹೆಂಡತಿ, ಮಗಳು, ಎಪ್ಪತ್ತು ದಾಟಿದ ತಾಯಿ, ಇವರೊಡನೆ ಕಾರಿನಲ್ಲಿ ಹೊರಟರು. ತಾಯಿಗೆ ಉಬ್ಬಸ, ಧೂಳು ಸೇರದು, ಸೆಕೆ ಮೊದಲೇ ಸೇರದು. ಹಾಸನ, ಸಕಲೇಶಪುರದವರೆಗೆ ಪ್ರಯಾಣ ಸುಖವಾಗಿಯೇ ಆಯಿತು. ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟುವಾಗ ಗಾಳಿ ಸಣ್ಣಗಾಯಿತು. ನೆಲ್ಯಾಡಿಯ ಹತ್ತಿರ ತಂಪು ಎಂಬುದೇ ಇಲ್ಲವಾಯಿತು. ಮುಂದೆ ಸಾಲುಗಟ್ಟಿದ ಲಾರಿಗಳು, ಕಿಟಕಿ ತೆಗೆದರೆ ಹೊಗೆ ಮತ್ತು ಧೂಳು, ಮುಚ್ಚಿದರೆ ಬೇಯುವ ಸೆಕೆ. “ಕಿಟಕಿ ತೆಗೆಯೋ ಮಗು” ಎಂದ ತಾಯಿ ಐದು ನಿಮಿಷಕ್ಕೆಲ್ಲ “ಮುಚ್ಚಿಬಿಡೋ” ಎಂದರು. ಮಂಗಳೂರು ಸೇರುವ ವೇಳೆಗೆ ಆಕೆಗೆ ಮಾತನಾಡಲು ಉಸಿರು ಸಾಲದಾಗಿತ್ತು.

ಊಟ ಮುಗಿಸಿ ಕಾರನ್ನು ಸಮೀಪದ ಒಂದು ಕಾರ್ಖಾನೆಗೆ ಒಯ್ದರೆ, ಏನಾಶ್ಚರ್ಯ! ಸ್ವಿಚ್ಚು ಹಾಕಿದೊಡನೆ ಹಿಮದಂಥ ಗಾಳಿ. ಆದರೂ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸುವುದೇ? ಸ್ವಲ್ಪ ಗ್ಯಾಸ್ ತುಂಬಿ ಹಣ ಪಡೆದರು. ಹಿಂದಿರುಗುವಾಗ ಉಪ್ಪಿನಂಗಡಿ ದಾಟುತ್ತಲೇ ಅದೇ ಕಥೆ. ಬೆಂಗಳೂರಿನ ಇನ್ನೊಂದು ಕಾರ್ಖಾನೆಯಲ್ಲಿ ಮತ್ತೆ ಗ್ಯಾಸ್ ತುಂಬಿಸಿದರು. ಅನಂತರ ಹೊಸ ಉಪದ್ರವವೊಂದು ಸೇರಿಕೊಂಡಿತು: ಊರೊಳಗೆ ಸಿಗ್ನಲಿನಲ್ಲಿ ನಿಂತಾಗ ಬಿಸಿ, ಹೊರಟರೆ ತಂಪು. ಮೂರನೆಯ ಕಾರ್ಖಾನೆಯವರು ಬಾನೆಟ್ಟು ತೆಗೆದು ಅರ್ಧ ನಿಮಿಷ ನೋಡಿ, “ಕಂಪ್ರೆಸರ್ ಹೋಗಿದೆ, ಹೊಸದೇ ಹಾಕಬೇಕು” ಎಂದರು. ಅವರು ಹೇಳಿದ ಬೆಲೆ ಗೃಹಸ್ಥರ ತಿಂಗಳ ಸಂಬಳದ ಬಹುಪಾಲನ್ನು ನುಂಗುವಂಥದು. ಇಷ್ಟರಲ್ಲಿ ತಂಗಿಯ ಸೀಮಂತ ಬಂತು. “ನಾನು ಮನೆಯಲ್ಲೇ ಇರುತ್ತೇನೆ, ನೀವು ಹೋಗಿಬನ್ನಿ” ಎಂದು ತಾಯಿ ಹೇಳಿದಾಗ ಯಾರೂ ಎದುರಾಡಲಿಲ್ಲ. ಮಗಳ ಸೀಮಂತವನ್ನು ಆಕೆ ದೂರವಾಣಿಯಲ್ಲಿ ಕೇಳಿಸಿಕೊಂಡರು.

ಎಲ್ಲರೂ ತುಂಬಿಸಲು ಹೊರಟ ಈ ಗ್ಯಾಸ್ ಯಾವುದು? ಇದನ್ನು ತಿಳಿಯಲು ವಿಜ್ಞಾನದ ದೊಡ್ಡ ಪುಸ್ತಕ ಬೇಡ. ಅಡಿಗೆಮನೆಯ ಮೂಲೆಯಲ್ಲಿರುವ ಮಣ್ಣಿನ ಹೂಜಿಯೇ ಸಾಕು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗಿ ಹೋಗುವಾಗ ಒಳಗಿನ ನೀರಿನ ಶಾಖವನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಕಾರಿನಲ್ಲಿಯೂ ನಡೆಯುವುದು ಇದೇ. ವ್ಯತ್ಯಾಸವೆಂದರೆ, ಇಲ್ಲಿ ಆವಿಯಾದದ್ದು ಹಾರಿಹೋಗುವುದಿಲ್ಲ. ಅದನ್ನು ಹಿಡಿದು, ಅದುಮಿ, ಮತ್ತೆ ದ್ರವ ಮಾಡಿ, ಪುನಃ ಆವಿಯಾಗಲು ಬಿಡುತ್ತಾರೆ. 1990ರ ದಶಕದಿಂದೀಚೆಗೆ ಕಾರುಗಳಲ್ಲಿ ಬಹುವಾಗಿ ಬಳಕೆಗೆ ಬಂದ ಆರ್-134ಎ ಎಂಬ ದ್ರವ್ಯ, ಮಾಮೂಲು ವಾಯುಭಾರದಲ್ಲಿ ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಇದನ್ನು ಅದುಮುತ್ತದೆ. ಅದುಮಿದಾಗ ಬಿಸಿಯಾದ ಆವಿ ಕಾರಿನ ಮೂತಿಯಲ್ಲಿರುವ ಕಂಡೆನ್ಸರಿನಲ್ಲಿ ಶಾಖವನ್ನು ಹೊರಗೆ ಚೆಲ್ಲಿ ದ್ರವವಾಗುತ್ತದೆ. ಆ ದ್ರವ ಸೂಜಿಯ ಕಣ್ಣಿನಂಥ ಕಿಂಡಿಯೊಂದರಿಂದ ನುಸುಳಿ, ಡ್ಯಾಷ್‌ಬೋರ್ಡಿನ ಒಳಗೆ ಅಡಗಿರುವ ಕೂಲಿಂಗ್ ಕಾಯಿಲಿನಲ್ಲಿ ಆವಿಯಾಗಿ, ಅದರ ಮೇಲೆ ಬೀಸುವ ಗಾಳಿಯನ್ನು ತಣ್ಣಗಾಗಿಸುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಈ ದ್ರವ್ಯ ಪೆಟ್ರೋಲಿನಂತೆ ಉರಿದು ಖರ್ಚಾಗುವುದಲ್ಲ. ಸುತ್ತಿ ಸುತ್ತಿ ಬರುವ ಒಂದೇ ಸರಕು. ವರ್ಷಗಳು ಉರುಳಿದಂತೆ ಕೀಲುಗಳಿಂದ ಅಲ್ಪಸ್ವಲ್ಪ ಜಿನುಗಬಹುದು; ಅದು ಬೇರೆ. ತಿಂಗಳೊಪ್ಪತ್ತಿನಲ್ಲಿ ಕಡಮೆಯಾಯಿತೆಂದರೆ ಎಲ್ಲಿಯೋ ತೂತಿದೆ ಎಂದರ್ಥ. ತೂತನ್ನು ಹುಡುಕದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊತ್ತಂತೆ. ಇನ್ನು ಕಡಮೆಯೇ ಆಗದಿದ್ದರೆ ತುಂಬಿಸುವುದು, ಉಂಡು ಕುಳಿತವನ ಬಾಯಿಗೆ ತುತ್ತು ತುರುಕಿದಂತೆ, ಅಜೀರ್ಣವೇ ಫಲ.

ಸೀಮಂತದ ಪ್ರಯಾಣಕ್ಕೆ ಹೊರಡುವ ಮುನ್ನ ಗೃಹಸ್ಥರು ಒಂದು ಒಳ್ಳೆಯ ಕೆಲಸ ಮಾಡಿದರು. ಮಗಳ ಕೈಗೆ ಒಂದು ನೋಟುಪುಸ್ತಕ ಕೊಟ್ಟು, ಗಾಳಿ ಹೇಗೆ ಬರುತ್ತದೆ, ಯಾವ ಊರು, ಎಷ್ಟು ಗಂಟೆ ಎಂಬುದನ್ನು ಬರೆಯಲು ಹೇಳಿದರು. ಹುಡುಗಿಗೆ ಅದೊಂದು ಆಟವಾಯಿತು. ಆಕೆ ಬರೆದದ್ದು ಹೀಗಿತ್ತು: “ಸಕಲೇಶಪುರ, 10-20: ತುಂಬ ತಂಪು, ಅಮ್ಮ ಸೆರಗು ಹೊದ್ದಿದ್ದಾಳೆ. ಗುಂಡ್ಯ, 11-25: ತಂಪಿದೆ, ಗಾಳಿ ಕಡಮೆ. ನೆಲ್ಯಾಡಿ, 11-50: ಫ್ಯಾನಿನ ಶಬ್ದ ಜೋರು, ಗಾಳಿಯೇ ಇಲ್ಲ. ಎಳನೀರಿಗೆ ನಿಂತೆವು, 20 ನಿಮಿಷ. ಕಾರಿನ ಕೆಳಗಿನಿಂದ ನೀರು ಧಾರೆಯಾಗಿ ಹರಿಯಿತು. ಹೊರಟ ಮೇಲೆ ಮತ್ತೆ ತಂಪು!”

ಮೂರು ಕಾರ್ಖಾನೆಗಳಿಗೆ ತಿಳಿಯದಿದ್ದ ಗುಟ್ಟು ಈ ಐದಾರು ಸಾಲುಗಳಲ್ಲಿತ್ತು. ತಂಪಿಗಿಂತ ಮೊದಲು ಹೋದದ್ದು ಗಾಳಿ. ಕಂಪ್ರೆಸರ್ ಕೆಟ್ಟಿದ್ದರೆ ಗಾಳಿ ಎಂದಿನಂತೆ ರಭಸವಾಗಿಯೇ ಬರುತ್ತಿತ್ತು, ಬಿಸಿಯಾಗಿ ಬರುತ್ತಿತ್ತು, ಅಷ್ಟೆ. ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಗಾಳಿ ಹೊರಬರಲಿಲ್ಲವೆಂದರೆ ದಾರಿಯಲ್ಲಿ ಏನೋ ಅಡ್ಡ ನಿಂತಿರಬೇಕು. ಇಪ್ಪತ್ತು ನಿಮಿಷದಲ್ಲಿ ಕರಗಿ, ನೀರಾಗಿ ಹರಿದುಹೋಗುವ ಅಡ್ಡಿ ಯಾವುದು? ಮಂಜುಗಡ್ಡೆ!

ಕೂಲಿಂಗ್ ಕಾಯಿಲಿನ ರೆಕ್ಕೆಗಳು ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ಹಾಳೆಗಳು. ಒಂದರ ಪಕ್ಕ ಒಂದು ಒತ್ತಾಗಿ ನಿಂತಿರುತ್ತವೆ. ತೇವದ ಗಾಳಿ ಇವುಗಳ ಮೇಲೆ ಹಾದಾಗ, ತಣ್ಣೀರಿನ ಲೋಟದ ಹೊರಮೈಯಂತೆ ಹನಿಗಟ್ಟುತ್ತದೆ. ಹನಿಗಳು ಕೆಳಗಿಳಿದು ಕೊಳವೆಯೊಂದರಿಂದ ರಸ್ತೆಗೆ ತೊಟ್ಟಿಕ್ಕುತ್ತವೆ. ನಿಂತ ಕಾರಿನ ಕೆಳಗೆ ನೀರು ಕಂಡು ಗಾಬರಿಯಾಗುವವರುಂಟು. ಬೇಸಗೆಯಲ್ಲಿ ಆ ನೀರು ಯಂತ್ರದ ಆರೋಗ್ಯದ ಗುರುತು. ಆದರೆ ರೆಕ್ಕೆಗಳ ಉಷ್ಣತೆ ಸೊನ್ನೆಯ ಕೆಳಗಿಳಿದರೆ ಹನಿ ಹನಿಯಾಗಿ ಉಳಿಯದೆ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಅದಾಗದಂತೆ ಕಾಯಲು ರೆಕ್ಕೆಗಳ ನಡುವೆ ಥರ್ಮಿಸ್ಟರ್ ಎಂಬ ಪುಟ್ಟ ಸೆನ್ಸರನ್ನು ಚುಚ್ಚಿಟ್ಟಿರುತ್ತಾರೆ. ಉಷ್ಣತೆ ಹೆಪ್ಪುಗಟ್ಟುವ ಹಂತದ ಸಮೀಪಕ್ಕೆ ಬಂದಾಗ ಅದು ಸುದ್ದಿ ಕೊಡುತ್ತದೆ. ಕಂಪ್ರೆಸರ್ ಕ್ಷಣಕಾಲ ನಿಲ್ಲುತ್ತದೆ. ರೆಕ್ಕೆ ಸ್ವಲ್ಪ ಬೆಚ್ಚಗಾದರೆ ಮತ್ತೆ ಹೊರಡುತ್ತದೆ. ಈ ಕಾವಲುಗಾರ ನಿದ್ದೆಹೋದರೆ ಕಂಪ್ರೆಸರಿಗೆ ತಡೆಯೇ ಇಲ್ಲ. ಮಂಜು ಪದರಪದರವಾಗಿ ಬೆಳೆದು ಕೊನೆಗೆ ಗೋಡೆಯಾಗುತ್ತದೆ. ತಂಪು ಅತಿಯಾಗಿ ತಂಪಿಗೇ ಬಾಗಿಲು ಹಾಕಿತು ಎಂದರೆ ವಿಚಿತ್ರವಾಗಿ ಕೇಳಿಸಬಹುದು. ನಡೆದದ್ದು ಮಾತ್ರ ಅದೇ.

ಬೆಂಗಳೂರಿನಲ್ಲಿ ಈ ದೋಷ ಏಕೆ ಕಾಣಿಸಲಿಲ್ಲ? ಕಚೇರಿಗೆ ಹೋಗಿಬರುವ ದಾರಿ ಅರ್ಧ ಗಂಟೆಯದು. ಗೋಡೆ ಕಟ್ಟುವಷ್ಟು ಹೊತ್ತು ಇಲ್ಲ. ಬಯಲುಸೀಮೆಯ ಬೇಸಗೆಯ ಗಾಳಿಯಲ್ಲಿ ನೀರಿನಂಶವೂ ಕಡಮೆ. ಘಾಟಿ ಇಳಿದೊಡನೆ ಕರಾವಳಿಯ ತೇವದ ಗಾಳಿ ಎದುರಾಯಿತು, ಯಂತ್ರ ಗಂಟೆಗಟ್ಟಲೆ ನಡೆದೂ ಇತ್ತು. ಮಂಗಳೂರಿನ ಕಾರ್ಖಾನೆಗೆ ಹೋದಾಗ? ಊಟದ ಹೊತ್ತಿನಲ್ಲಿ ಮಂಜೆಲ್ಲ ಕರಗಿ ಸಾಕ್ಷ್ಯವೇ ಮಾಯವಾಗಿತ್ತು. ಅಲ್ಲಿಯವರು ಸುಳ್ಳು ಹೇಳಲಿಲ್ಲ. ಅವರ ಕಣ್ಣಿಗೆ ನಿಜವಾಗಿಯೂ ಏನೂ ಕಾಣಲಿಲ್ಲ. ಕಾಣದಿದ್ದುದಕ್ಕೆ ಔಷಧ ಕೊಟ್ಟದ್ದಷ್ಟೇ ತಪ್ಪು.

ಈ ಬಾರಿ ಗೃಹಸ್ಥರು ನೋಟುಪುಸ್ತಕ ಹಿಡಿದು ಹೋದದ್ದು, ಒಂದು ಹಳೆಯ ಬಡಾವಣೆಯಲ್ಲಿ ತಗಡಿನ ಛಾವಣಿಯ ಕೆಳಗೆ ಕೆಲಸ ಮಾಡುವ ವಯಸ್ಸಾದ ಮಿಸ್ತ್ರಿಯೊಬ್ಬರ ಬಳಿಗೆ. ಅವರು ಬಾನೆಟ್ಟಿನ ಕಡೆಗೆ ಹೋಗಲೇ ಇಲ್ಲ. ಬರೆದದ್ದನ್ನು ಓದಿಸಿ ಕೇಳಿ, “ಇದನ್ನು ಬರೆದವರು ಯಾರು ಸ್ವಾಮಿ?” ಎಂದು ನಕ್ಕು, ಮುಂದಿನ ಸೀಟಿನ ಎದುರಿಗಿರುವ ಪೆಟ್ಟಿಗೆಯನ್ನು ಕಳಚಿದರು. ಅದರ ಹಿಂದಿನ ಎ.ಸಿ. ಫಿಲ್ಟರನ್ನು ಹೊರಗೆಳೆದಾಗ ಧೂಳು, ಒಣಗಿದ ಎಲೆ, ಹತ್ತಿಯಂಥ ಕಸ ಎಲ್ಲ ಸೇರಿ ಕಂಬಳಿಯಂತಾಗಿತ್ತು. ಇನ್ನೂ ಒಳಗೆ ದೀಪ ಹಿಡಿದು ನೋಡಿದರೆ, ರೆಕ್ಕೆಗಳ ನಡುವೆ ಇರಬೇಕಾದ ಸೆನ್ಸರು ಈಚೆಗೆ ಜಾರಿ ತಂತಿಗೆ ಜೋತುಬಿದ್ದಿತ್ತು. ಹಿಂದೆ ಯಾವಾಗಲೋ ಕಾಯಿಲನ್ನು ತೊಳೆದವರು ಸರಿಯಾಗಿ ಕೂರಿಸಿರಲಿಲ್ಲ. ಹತ್ತಿರದ ಬೆಚ್ಚನೆಯ ಗಾಳಿಯನ್ನು ಅಳೆಯುತ್ತ ಅದು “ಇನ್ನೂ ತಂಪಾಗಿಲ್ಲ, ಇನ್ನೂ ತಂಪಾಗಿಲ್ಲ” ಎಂದೇ ವರದಿ ಒಪ್ಪಿಸುತ್ತಿತ್ತು. ಸೆನ್ಸರೇ ಕೆಟ್ಟಿರಬಹುದಲ್ಲವೆ? ಮಿಸ್ತ್ರಿ ಅದನ್ನೂ ಬಿಡಲಿಲ್ಲ. ಮಂಜುಗಡ್ಡೆ ತೇಲುವ ನೀರಿನಲ್ಲಿ ಅದ್ದಿ, ಮೀಟರಿನಿಂದ ಅದರ ವಿದ್ಯುತ್ ತಡೆಯನ್ನು ಅಳೆದು, ತಯಾರಕರ ಪುಸ್ತಕದ ಅಂಕಿಯೊಡನೆ ಹೋಲಿಸಿ ನೋಡಿದರು. ಸರಿಯಾಗಿಯೇ ಇತ್ತು.

ಆಮೇಲೆ ಗ್ಯಾಸಿನ ಸರದಿ. ಬಾನೆಟ್ಟಿನ ಅಡಿಯ ಚೀಟಿಯಲ್ಲಿ 450 ಗ್ರಾಂ ಎಂದು ಅಚ್ಚಾಗಿತ್ತು. ಯಂತ್ರದಿಂದ ಹೊರಗೆಳೆದು ತೂಗಿದರೆ 600ರ ಮೇಲೆ! ಎರಡು ಬಾರಿ ತೂಕವಿಲ್ಲದೆ ತುರುಕಿದ ಅಜೀರ್ಣ ಇದೇ. ಹೆಚ್ಚಾದ ದ್ರವ್ಯ ಕಂಡೆನ್ಸರಿನಲ್ಲಿ ಎಡೆಯಿಲ್ಲದೆ ಒತ್ತಡ ಏರಿಸುತ್ತದೆ. ಒತ್ತಡ ಮಿತಿ ಮೀರಿದಾಗ ಪ್ರೆಷರ್ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸುತ್ತದೆ. ಕಾರು ಓಡುವಾಗ ಎದುರುಗಾಳಿ ಕಂಡೆನ್ಸರನ್ನು ತಣಿಸುವುದರಿಂದ ಪಾರಾಗುತ್ತಿತ್ತು. ಸಿಗ್ನಲಿನಲ್ಲಿ ನಿಂತಾಗ ಸಿಕ್ಕಿಬೀಳುತ್ತಿತ್ತು. ಹಳೆಯ ರೋಗಕ್ಕೆ ಕೊಟ್ಟ ಮದ್ದೇ ಹೊಸ ರೋಗವಾಗಿತ್ತು. ಮಿಸ್ತ್ರಿ ಪಂಪು ಹಚ್ಚಿ ಅರ್ಧ ಗಂಟೆಗೂ ಹೆಚ್ಚು ಕಾಲ ಒಳಗನ್ನು ನಿರ್ವಾತಗೊಳಿಸಿ, ತಕ್ಕಡಿಯ ಮೇಲೆ ಗ್ರಾಂ ಲೆಕ್ಕ ಹಿಡಿದು ತುಂಬಿದರು. ಹೊಸ ಫಿಲ್ಟರು, ಅವರ ಕೂಲಿ, ಎಲ್ಲ ಸೇರಿ ಕಂಪ್ರೆಸರಿನ ಬೆಲೆಯ ಸಣ್ಣದೊಂದು ಪಾಲೂ ಆಗಲಿಲ್ಲ.

ಎಲ್ಲ ಕಾರುಗಳ ಮುನಿಸಿಗೂ ಮಂಜೇ ಕಾರಣವೆಂದು ವಾಚಕರು ತಿಳಿಯಬಾರದು. ತಂಪು ಎಂದು ಹೋಯಿತು, ಎಂದು ಬಂತು ಎಂಬುದೇ ಇಲ್ಲಿಯೂ ದಾರಿತೋರಿಸಬೇಕು. ನಿಂತಾಗ ಬಿಸಿ, ಓಡುವಾಗ ತಂಪು ಎಂದಾದರೆ ಮೊದಲು ನೋಡಬೇಕಾದದ್ದು ಕಂಡೆನ್ಸರಿನ ಮುಂದಿನ ಅಥವಾ ಹಿಂದಿನ ವಿದ್ಯುತ್ ಫ್ಯಾನು. ಎ.ಸಿ. ಹಾಕಿಯೂ ಅದು ತಿರುಗದಿದ್ದರೆ, ಇಲ್ಲವೆ ಮುದುಕನಂತೆ ತೆವಳಿ ತಿರುಗಿದರೆ, ದೋಷ ಅಲ್ಲಿಯೇ ಇದೆ. ಹಳ್ಳಿಯ ದಾರಿಯಲ್ಲಿ ಓಡಾಡುವ ಕಾರಾದರೆ ಕಂಡೆನ್ಸರಿನ ಮೈಗೆ ಕೆಸರು, ಹುಳುಹುಪ್ಪಟೆ, ಕಣದ ಹೊಟ್ಟು ಅಂಟಿರಬಹುದು. ಮೆಲ್ಲಗೆ ನೀರು ಹಾಯಿಸಿ ತೊಳೆದರೆ ಎಷ್ಟೋ ವೇಳೆ ಅಷ್ಟರಿಂದಲೇ ಗುಣವಾಗುತ್ತದೆ.

ಗಾಳಿಯ ರಭಸ ತಗ್ಗದೆ ತಂಪು ಮಾತ್ರ ಥಟ್ಟನೆ ನಿಂತು, ಎಂಜಿನ್ನು ಆರಿದ ಮೇಲೆ ತಾನಾಗಿ ಮರಳಿದರೆ ಕ್ಲಚ್ಚಿನ ಮೇಲೆ ಸಂಶಯ ಪಡಬೇಕು. ಈ ಕ್ಲಚ್ಚಿನ ಹಿಂದೆ ಒಂದು ಸ್ವಾರಸ್ಯದ ಇತಿಹಾಸವಿದೆ. ಅಮೆರಿಕೆಯ ಪ್ಯಾಕರ್ಡ್ ಕಂಪೆನಿ 1940ರ ಮಾದರಿಯ ಕಾರುಗಳಿಗೆ ಮೊತ್ತಮೊದಲು ಹವಾನಿಯಂತ್ರಣವನ್ನು ಒದಗಿಸಿದಾಗ ಅದಕ್ಕೆ ಕ್ಲಚ್ಚೇ ಇರಲಿಲ್ಲ. ತಂಪು ಸಾಕೆನಿಸಿದರೆ ಕಾರು ನಿಲ್ಲಿಸಿ, ಎಂಜಿನ್ನು ಆರಿಸಿ, ಬಾನೆಟ್ಟು ತೆಗೆದು ಬೆಲ್ಟನ್ನೇ ಕಳಚಬೇಕಾಗಿತ್ತು! ಸಿರಿವಂತರ ಕಾರಿನ ಸುಖಕ್ಕೂ ಎಂಥ ಕಂದಾಯ! ಮುಂದೆ ವಿದ್ಯುತ್ ಅಯಸ್ಕಾಂತದ ಕ್ಲಚ್ಚು ಬಂದು ಆ ಕಷ್ಟ ತಪ್ಪಿತು. ಸ್ವಿಚ್ಚು ಹಾಕಿದಾಗ ಬಾನೆಟ್ಟಿನೊಳಗೆ “ಟಕ್” ಎಂದು ಕೇಳಿಸುವುದು ಅಯಸ್ಕಾಂತ ತನ್ನ ಎದುರಿನ ತಟ್ಟೆಯನ್ನು ಹಿಡಿದ ಸದ್ದು. ಎರಡರ ನಡುವಿನ ಎಡೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ವರ್ಷಗಟ್ಟಲೆ ಸವೆದು ಎಡೆ ಹಿಗ್ಗಿದರೆ, ತಣ್ಣಗಿರುವಾಗ ಹೇಗೋ ಹಿಡಿಯುತ್ತದೆ. ಕಾದಾಗ ಸುರುಳಿಯ ವಿದ್ಯುತ್ ತಡೆ ಹೆಚ್ಚಿ, ಸೆಳೆತ ಕುಗ್ಗಿ, ತಟ್ಟೆಯನ್ನು ಕೈಬಿಡುತ್ತದೆ. ಹಲವು ಬಗೆಯ ಕಂಪ್ರೆಸರುಗಳಲ್ಲಿ ಒಳಗಿನ ತೆಳು ಬಿಲ್ಲೆಯೊಂದನ್ನು ತೆಗೆದು ಎಡೆಯನ್ನು ಕಿರಿದುಮಾಡಿದರೆ ಸಾಕು. ಪೂರ್ತಿ ಕಂಪ್ರೆಸರನ್ನು ಎಸೆಯಬೇಕಾಗಿಲ್ಲ. ಈಗಿನ ಕೆಲವು ಕಾರುಗಳ ಕಂಪ್ರೆಸರಿಗೆ ಕ್ಲಚ್ಚೇ ಇಲ್ಲ ಎಂಬುದನ್ನೂ ನೆನಪಿಡಬೇಕು. ಅಲ್ಲಿ “ಟಕ್” ಕೇಳಿಸಲಿಲ್ಲವೆಂದು ಹೆದರಬೇಕಾಗಿಲ್ಲ.

ಕಂಪ್ರೆಸರ್ ಕೆಲವೇ ಕ್ಷಣಗಳಿಗೊಮ್ಮೆ ಹೊರಟು ನಿಂತು, ಹೊರಟು ನಿಂತು ಚಡಪಡಿಸಿದರೆ ಆಗ ನಿಜವಾಗಿಯೂ ಗ್ಯಾಸ್ ಕಡಮೆಯಾಗಿರುವ ಸಂಭವ ಹೆಚ್ಚು. ಗ್ಯಾಸಿನೊಡನೆ ಎಣ್ಣೆಯೂ ಸುತ್ತುವುದರಿಂದ ಸೋರುವ ಕೀಲಿನಲ್ಲಿ ಜಿಡ್ಡು ಧೂಳು ಕಟ್ಟಿರುತ್ತದೆ. ಅದೇ ಕಳ್ಳನ ಹೆಜ್ಜೆಗುರುತು. ಯಂತ್ರದೊಳಗೆ ತೇವ ಸೇರಿದ್ದರೆ ಆ ಸೂಜಿಕಣ್ಣಿನ ಕಿಂಡಿಯಲ್ಲಿ ಮಂಜಿನ ಕಣ ಸಿಕ್ಕಿ ತಂಪು ನಿಂತು, ಕರಗಿದಾಗ ಮರಳುವುದುಂಟು. ಡ್ರೈಯರನ್ನು ಬದಲಾಯಿಸಿ ಚೆನ್ನಾಗಿ ನಿರ್ವಾತಗೊಳಿಸದೆ ಇದಕ್ಕೆ ಬೇರೆ ಮದ್ದಿಲ್ಲ. ಹಳ್ಳದಿಣ್ಣೆಯಲ್ಲಿ ಕುಲುಕಿದಾಗ ಹೋಗಿಬರುವ ತಂಪಿಗೆ ಸಡಿಲ ತಂತಿ ಅಥವಾ ರಿಲೇ ಕಾರಣ. ವಾರಗಟ್ಟಲೆ ನಿಂತ ಕಾರಾದರೆ ತಂತಿಗೆ ಹಲ್ಲಿಟ್ಟ ಇಲಿಯನ್ನೂ ಮರೆಯಬಾರದು. ಕಡಿದಾದ ಏರಿನಲ್ಲಿ ಆಕ್ಸಿಲರೇಟರನ್ನು ಒತ್ತಿ ತುಳಿದಾಗ ಕ್ಷಣಕಾಲ ತಂಪು ತಗ್ಗುವುದು ರೋಗವಲ್ಲ. ಎಂಜಿನ್ನಿನ ಭಾರ ಇಳಿಸಲು ಕಾರೇ ಮಾಡಿಕೊಳ್ಳುವ ಏರ್ಪಾಡು.

ಮನೆಯವರು ತಾವಾಗಿ ಮಾಡಬಹುದಾದ ಪರೀಕ್ಷೆ ಒಂದಿದೆ. ಗಾಳಿ ಸಣ್ಣಗಾದಾಗ ಎ.ಸಿ. ಗುಂಡಿಯನ್ನು ಮಾತ್ರ ಆರಿಸಿ, ಫ್ಯಾನನ್ನು ಪೂರ್ತಿ ವೇಗದಲ್ಲಿ ಹತ್ತು ಹದಿನೈದು ನಿಮಿಷ ಓಡಿಸಬೇಕು. ಗಾಳಿ ಮತ್ತೆ ರಭಸ ಪಡೆದು, ಆಮೇಲೆ ಎ.ಸಿ. ಹಾಕಿದಾಗ ತಂಪು ಬಂದರೆ ಮಂಜಿನ ವ್ಯಾಧಿ ಎಂದೇ ತಿಳಿಯಬಹುದು. ಗ್ಯಾಸಿನ ಕೊಳವೆಗಳಿಗೆ ಮಾತ್ರ ಯಾರೂ ಕೈಹಾಕಬಾರದು. ಚಿಮ್ಮಿದ ದ್ರವ ಚರ್ಮಕ್ಕೆ ತಾಗಿದರೆ ಹಿಮ ಸುಟ್ಟಂತೆ ಗಾಯವಾಗುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಕಾರ್ಖಾನೆಯವರು ಹಳೆಯ ಗ್ಯಾಸನ್ನು “ಹುಸ್” ಎಂದು ಗಾಳಿಗೆ ಬಿಟ್ಟರೆ ಅದನ್ನು ತಡೆಯುವ ಹಕ್ಕು ಗಿರಾಕಿಗೆ ಉಂಟು. ಹಿಂದೆ ಬಳಕೆಯಲ್ಲಿದ್ದ ಆರ್-12 ಆಕಾಶದ ಓಜೋನ್ ಪದರವನ್ನು ತಿನ್ನುತ್ತಿದ್ದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಬಳಕೆಯಿಂದ ಹೋಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ, ಒಂದು ಶತಮಾನದ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ಇಂಗಾಲದ ಡೈ ಆಕ್ಸೈಡಿನ ಸುಮಾರು 1,430 ಪಟ್ಟು. ಅರ್ಧ ಕಿಲೋ ಗಾಳಿಗೆ ಹೋದರೆ ಏಳುನೂರು ಕಿಲೋ ಇಂಗಾಲದ ಡೈ ಆಕ್ಸೈಡ್ ಬಿಟ್ಟ ಹಾಗೆ. ಇಂಥ ದ್ರವ್ಯಗಳನ್ನು ಕ್ರಮೇಣ ಇಳಿಸುವ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆಯ ಮುದ್ರೆ ಹಾಕಿದೆ. ಕಾರಿನೊಳಗೆ ನಾಲ್ವರಿಗೆ ತಂಪು ಮಾಡಲು ಹೊರಗಿನವರಿಗೆಲ್ಲ ಸೆಕೆ ಹಂಚುವುದು ಎಷ್ಟರ ನ್ಯಾಯ?

ಗೃಹಸ್ಥರ ತಂಗಿಗೆ ಗಂಡುಮಗುವಾಯಿತು. ನಾಮಕರಣಕ್ಕೆ ಹೊರಡುವ ದಿನ ತಾಯಿ ಎರಡು ಸಲ ಬೇಡವೆಂದು, ಮೂರನೆಯ ಸಲ ಹೊಸ ಸೀರೆ ತೆಗೆದಿಟ್ಟುಕೊಂಡರು. ಉಬ್ಬಸದ ಔಷಧಿಯ ಚೀಲ ಮಡಿಲಲ್ಲಿಯೇ ಇತ್ತು. ಸಕಲೇಶಪುರ ಕಳೆಯಿತು, ಗುಂಡ್ಯ ಕಳೆಯಿತು. ಮೊಮ್ಮಗಳು ನೋಟುಪುಸ್ತಕ ಬಿಚ್ಚಿ ಕುಳಿತೇ ಇದ್ದಳು, ಬರೆಯುವಂಥದೇನೂ ಆಗಲಿಲ್ಲ. ನೆಲ್ಯಾಡಿಯಲ್ಲಿ ಅದೇ ಎಳನೀರಿನ ಅಂಗಡಿಯ ಮುಂದೆ ಕಾರು ನಿಂತಿತು. ಉಳಿದವರು ಎಳನೀರು ಕುಡಿಯುತ್ತಿದ್ದರೆ ಗೃಹಸ್ಥರು ಮಾತ್ರ ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಬಗ್ಗಿ ಕಾರಿನ ಕೆಳಗೆ ಇಣುಕುತ್ತಿದ್ದರು. ಧಾರೆಯಿಲ್ಲ, ಸಣ್ಣಗೆ, ಒಂದರ ಹಿಂದೊಂದು, ಹನಿ ಬೀಳುತ್ತಿತ್ತು.

“ಏನೋ ಅದು, ಏನು ಬಿದ್ದುಹೋಯಿತು?” ಎಂದು ತಾಯಿ ಕಿಟಕಿಯೊಳಗಿನಿಂದಲೇ ಕೇಳಿದರು.

“ಏನಿಲ್ಲಮ್ಮ, ನೀರು.”

“ಹಾಗಾದರೆ ಬೇಗ ಹತ್ತು. ಬಾಗಿಲು ತೆಗೆದಿಟ್ಟರೆ ತಂಪೆಲ್ಲ ಹೋಗುತ್ತದೆ” ಎಂದು ಆಕೆ ಸೆರಗನ್ನು ಹೆಗಲ ಮೇಲೆ ಬಿಗಿಯಾಗಿ ಹೊದ್ದುಕೊಂಡರು.